ಹಳೆಯ ಹೊಲಿಗೆ ಮಷೀನು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಇಪ್ಪತ್ತು ವರ್ಷ ಮೂಲೆಯಲ್ಲಿದ್ದ ಕಪ್ಪು ಸಿಂಗರ್ ಮಷೀನಿನ ಚಕ್ರ ಅಲ್ಲಾಡುತ್ತಿಲ್ಲ. ಅಡುಗೆ ಎಣ್ಣೆ ಬಿಟ್ಟರೂ ಸಡಿಲವಾಗಲಿಲ್ಲ. ಒಳಗೆ ಏನಾದರೂ ಮುರಿದಿದೆಯೇ?

ಉತ್ತರ: ಮುರಿದಿರುವ ಸಂಭವ ಕಡಿಮೆ. ಹಳೆಯ ಎಣ್ಣೆ ಒಣಗಿ ಅರಗಿನಂತೆ ಕಚ್ಚಿಕೊಂಡಿರುತ್ತದೆ. ಅಡುಗೆ ಎಣ್ಣೆಯೂ ಹಾಗೇ ಅಂಟಾಗುವುದರಿಂದ ಈಗ ಕೆಲಸ ಇನ್ನಷ್ಟು ಹೆಚ್ಚಿತು ಎಂದುಕೊಳ್ಳಿ.

ಮೊದಲು ಬಾಬಿನ್ ಕೇಸ್ (ಕೆಳದಾರದ ಉರುಳೆ ಕೂರುವ ಪುಟ್ಟ ಡಬ್ಬಿ) ತೆಗೆದು, ಅದರ ಸುತ್ತ ಆಡುವ ಕೊಕ್ಕೆಯಂಥ ಶಟಲ್ ಬಿಚ್ಚಿ ನೋಡಿ. ಅಲ್ಲಿ ಸುತ್ತಿಕೊಂಡ ಗೇಣುದ್ದ ದಾರವೇ ಮಷೀನನ್ನು ನಿಲ್ಲಿಸಿರಬಹುದು. ದಾರವಿಲ್ಲದಿದ್ದರೆ ಸೂಜಿ ತೆಗೆದಿಟ್ಟು, ಎಡಬದಿಯ ತಗಡು ಬಿಚ್ಚಿ, ಮಷೀನನ್ನು ಹಿಂದಕ್ಕೆ ಮಗುಚಿ. ಮೇಲಿನ ಎಣ್ಣೆ ತೂತುಗಳಿಗೂ ಲೋಹಕ್ಕೆ ಲೋಹ ಉಜ್ಜುವ ಪ್ರತಿ ಜಾಗಕ್ಕೂ ಎರಡೆರಡು ಹನಿ ಸೀಮೆಎಣ್ಣೆ ಬಿಡಿ. ಸೂಜಿ ಹಿಡಿಯುವ ಸರಳನ್ನು ಮರೆಯಬೇಡಿ. ರಾತ್ರಿ ಕಳೆದ ಮೇಲೆ ಚಕ್ರವನ್ನು ಕೈಯಲ್ಲೇ ಹಿಂದೆ ಮುಂದೆ ಅಲುಗಿಸಿ. ಕೂದಲೆಳೆಯಷ್ಟು ಸರಿದರೂ ಗೆದ್ದಂತೆ. ಮೂರು ನಾಲ್ಕು ದಿನ ಹೀಗೇ ಮುಂದುವರಿಸಿ. ಇಕ್ಕಳ, ಸುತ್ತಿಗೆ ಹತ್ತಿರ ತರಬೇಡಿ. ಬಿಸಿ ಕೊಟ್ಟರೆ ಬೇಗ ಬಿಡುತ್ತದೆಂಬ ಮಾತು ನಿಜ, ಆದರೆ ಸೀಮೆಎಣ್ಣೆ ಹಾಕಿದ ಮೇಲೆ ಅದು ಬೆಂಕಿಯೊಡನೆ ಆಟ.

ಒಸರುವ ಕಂದು ಕೊಳೆಯನ್ನೆಲ್ಲ ಒರೆಸಿ, ಪ್ರತಿ ಜಾಗಕ್ಕೂ ಒಂದು ಹನಿ ಮಷೀನ್ ಎಣ್ಣೆ ಹಾಕಿ. ಸೀಮೆಎಣ್ಣೆಯಷ್ಟೇ ಉಳಿದರೆ ಲೋಹ ಒಣಗಿ ತುಕ್ಕು ಹಿಡಿಯುತ್ತದೆ. ಮೋಟಾರಿದ್ದರೆ ಪ್ಲಗ್ ಕಿತ್ತಿಡಿ, ಅದರೊಳಕ್ಕೆ ಒಂದು ಹನಿಯೂ ಇಳಿಯಕೂಡದು.

ಪ್ರಶ್ನೆ: ಶುಚಿ ಮಾಡಿ ಜೋಡಿಸಿದ ಮೇಲೆ ಬಾಬಿನ್ ಸುತ್ತುವಾಗಲೂ ಸೂಜಿ ಕುಣಿಯುತ್ತದೆ. ಚಕ್ರದ ನಡುವಿನ ತಿರುಪು ಸಡಿಲಿಸಿದರೂ ನಿಲ್ಲುವುದಿಲ್ಲ.

ಉತ್ತರ: ಒಳಗಿನ ಕಿವಿಯುಳ್ಳ ವಾಷರ್ ತಿರುಗುಮುರುಗಾಗಿದೆ. ದೊಡ್ಡ ತಿರುಪಿನ ಮೇಲಿರುವ ಪುಟ್ಟ ಸ್ಕ್ರೂ ಬಿಚ್ಚಿದರೆ ತಿರುಪು ಕೈಗೆ ಬರುತ್ತದೆ. ವಾಷರಿನ ಒಳಗಿನ ಎರಡು ಕಿವಿಗಳು ನಿಮ್ಮ ಕಡೆಗೆ ಬಾಗಿರಬೇಕು. ಬಾಗಿದ್ದೂ ಸರಿಹೋಗದಿದ್ದರೆ ಅರ್ಧ ಸುತ್ತು ತಿರುಗಿಸಿ ಕೂರಿಸಿ. ಬಿಚ್ಚುವ ಮುನ್ನ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟರೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ಪ್ರಶ್ನೆ: ಬಟ್ಟೆಯ ಅಡಿಯಲ್ಲಿ ದಾರ ಗಂಟುಗಂಟಾಗಿ ಕುಣಿಕೆ ಬೀಳುತ್ತದೆ. ಬಾಬಿನ್ ಕೇಸಿನ ಸ್ಕ್ರೂ ಪೂರ್ತಿ ಬಿಗಿದರೂ ಹಾಗೆಯೇ.

ಉತ್ತರ: ಕುಣಿಕೆ ಕೆಳಗೆ ಕಂಡರೂ ದೋಷ ಮೇಲಿನ ದಾರದ್ದು. ಬಟ್ಟೆಯನ್ನು ಒತ್ತಿ ಹಿಡಿಯುವ ಪಾದವನ್ನು ಎತ್ತಿಟ್ಟೇ ದಾರ ಪೋಣಿಸಿ. ಇಳಿಸಿದ್ದರೆ ಮೇಲಿನ ದಾರಕ್ಕೆ ಬಿಗಿ ಕೊಡುವ ಟೆನ್ಷನ್ ಬಿಲ್ಲೆಗಳು ಮುಚ್ಚಿರುತ್ತವೆ, ದಾರ ಅವುಗಳ ನಡುವೆ ಇಳಿಯುವುದೇ ಇಲ್ಲ. ಪೋಣಿಸಿದ ಮೇಲೆ ಪಾದ ಇಳಿಸಿ ದಾರ ಎಳೆಯಿರಿ. ಬಿಗಿ ಕಾಣದಿದ್ದರೆ ಬಿಲ್ಲೆಗಳ ನಡುವೆ ಜುಂಗು ಕೂತಿದೆ, ಇಲ್ಲವೇ ಅವುಗಳ ಮಧ್ಯದ ಸಣ್ಣ ಕಡ್ಡಿ ಹಿಂದೆ ಸರಿಯದೆ ಸಿಕ್ಕಿಕೊಂಡಿದೆ. ಸೀಮೆಎಣ್ಣೆಯಲ್ಲಿ ನೆನೆದ ಬಟ್ಟೆಪಟ್ಟಿಯನ್ನು ಬಿಲ್ಲೆಗಳ ನಡುವೆ ಎಳೆದಾಡಿ.

ಬಿಗಿದ ಬಾಬಿನ್ ಕೇಸನ್ನು ಮೊದಲಿನಂತೆ ಮಾಡಬೇಕಲ್ಲ: ದಾರದ ತುದಿ ಹಿಡಿದು ಕೇಸನ್ನು ತೂಗಿ. ತಾನಾಗಿ ಜಾರಬಾರದು, ಕೈಯನ್ನು ಸಣ್ಣಗೆ ಕುಲುಕಿದರೆ ಒಂದೆರಡು ಅಂಗುಲ ಇಳಿಯಬೇಕು. ಸ್ಕ್ರೂವನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಕಡಿಮೆಯೇ ತಿರುಗಿಸಿ.

ಹೊಲಿಗೆ ತಪ್ಪುತ್ತಿದ್ದರೆ ಮಾತ್ರ ಸೂಜಿಯನ್ನು ಶಂಕಿಸಿ. ಸೂಜಿಯ ಉದ್ದನೆಯ ಗೀರು ದಾರ ಒಳಹೋಗುವ ಬದಿಗಿರಬೇಕು, ಬುಡ ಪೂರ್ತಿ ಮೇಲಕ್ಕೆ ತಾಗಿರಬೇಕು. ಸಾಧಾರಣ ಹತ್ತಿಬಟ್ಟೆಗೆ 14ನೇ ನಂಬರು, ದಪ್ಪ ಜೀನ್ಸಿಗೆ 16.

ಪ್ರಶ್ನೆ: ಚಿನ್ನದ ಬಣ್ಣದ ಚಿತ್ತಾರ ಉಳಿಸಿಕೊಂಡು ಒರೆಸುವುದು ಹೇಗೆ?

ಉತ್ತರ: ಮೆತ್ತನೆ ಬಟ್ಟೆಗೆ ಮಷೀನ್ ಎಣ್ಣೆ ಹಚ್ಚಿ ನಯವಾಗಿ ಒರೆಸಿ. ಸ್ಪಿರಿಟ್ ಬೇಡವೇ ಬೇಡ, ಚಿತ್ತಾರದ ಮೇಲಿನ ಅರಗಿನ ಲೇಪ ಅದರಲ್ಲಿ ಕರಗುತ್ತದೆ.

ಪ್ರಶ್ನೆ: ಕಾಲಿನ ಮಷೀನಿನ ಚರ್ಮದ ಬೆಲ್ಟು ಜಾರುತ್ತಿದೆ.

ಉತ್ತರ: ತಂತಿಯ ಕೊಕ್ಕೆ ಬಿಚ್ಚಿ, ತುದಿಯಲ್ಲಿ ಒಂದು ಸೆಂಟಿಮೀಟರ್ ಕತ್ತರಿಸಿ, ಹೊಸ ತೂತು ಕೊರೆದು ಮತ್ತೆ ಕೂಡಿಸಿ. ಜಾರದಷ್ಟು ಬಿಗಿ ಸಾಕು. ಹೆಚ್ಚಾದರೆ ತುಳಿಯುವುದು ಭಾರ. ಒಮ್ಮೆಗೇ ಉದ್ದ ಕತ್ತರಿಸಿದಿರೋ, ಹೊಸ ಬೆಲ್ಟೇ ಗತಿ.