ಅಪ್ಪಯ್ಯನ ಬಯಾಪ್ಸಿ ತುಣುಕು ಪಾಠಕ್ಕೆ ಬೇಕಂತೆ, ಸಹಿ ಹಾಕೋದಾ?

ಪ್ರಶ್ನೆ: ಮೇಡಂ, ನಮ್ದು ಶಿರಸಿ ಹತ್ರ ಅಡಿಕೆ ತೋಟದ ಮನೆ. ಅಪ್ಪಯ್ಯಂಗೆ 64 ವರ್ಷ, ಸಣ್ಣ ವಯಸ್ಸಿಂದ್ಲೂ ಕವಳ (ಎಲೆಅಡಿಕೆ) ಹಾಕೋ ಅಭ್ಯಾಸ. ಈಗ ಬಾಯಿ ಪೂರ್ತಿ ತೆರೆಯೋಕೆ ಆಗ್ತಿಲ್ಲ, ಸಾರು ಸ್ವಲ್ಪ ಖಾರ ಆದ್ರೂ ಉರಿ, ಕೆನ್ನೆ ಒಳಗೆ ಬಿಳಿ ಮಚ್ಚೆ ಬೇರೆ. ಒಂದು ಮೆಡಿಕಲ್ ಕಾಲೇಜಲ್ಲಿ ಬಯಾಪ್ಸಿಗೆ, ಅಂದ್ರೆ ಪರೀಕ್ಷೆಗೆ ಅಂತ ಬಾಯೊಳಗಿನ ಸಣ್ಣ ತುಣುಕು ತೆಗೆದು ಎಂಟು ದಿನ ಆಯ್ತು, ರಿಪೋರ್ಟ್ ಇಲ್ಲ, ಕೇಳಿದ್ರೆ ಸರಿಯಾಗಿ ಹೇಳೋರೂ ಇಲ್ಲ. ಅದ್ರ ಮೇಲೆ ಈ ತುಣುಕು ಪರೀಕ್ಷೆ ಮಾಡೋ ಪೆಥಾಲಜಿ ಡಿಪಾರ್ಟ್‌ಮೆಂಟಿನವರು ಉಳಿದ ತುಣುಕನ್ನ ಪಾಠಕ್ಕೂ ರಿಸರ್ಚಿಗೂ ಬಳಸೋಕೆ ಒಪ್ಪಿಗೆ ಕೊಡಿ ಅಂತ ಫಾರ್ಮ್ ಕೊಟ್ಟಿದಾರೆ. ಹುಡುಗ್ರು ಕೈ ಕಲಿಯೋಕೆ ಇಟ್ಕೊಂಡು ತಡ ಮಾಡ್ತಿದಾರೆ ಅಂತ ಆಯಿಗೆ ಹೆದರಿಕೆ. ಸಹಿ ಹಾಕೋದಾ ಬೇಡ್ವಾ?

ಉತ್ತರ: ಮೊದಲು ಆಯಿಗೆ ಧೈರ್ಯ ಹೇಳಿ. ನಾನು ಕುಮಟಾ ಕಡೆಯವಳು, ಪೆಥಾಲಜಿ ಪಾಠ ಮಾಡೋದೇ ನನ್ನ ಕೆಲಸ, ಈ ಹೆದರಿಕೆ ಎಷ್ಟೋ ಮನೆಯವರ ಬಾಯಲ್ಲಿ ಕೇಳಿದೀನಿ. ಎಂಟು ದಿನ ಆದ್ರೂ ಯಾಕೆ ತಡ ಅಂತ ಹೇಳದೇ ಇರೋದು ಮಾತ್ರ ತಪ್ಪೇ. ನಾಳೆ ಬಯಾಪ್ಸಿ ನಂಬರ್ ಹಿಡ್ಕೊಂಡು ಸೀದಾ ಡಿಪಾರ್ಟ್‌ಮೆಂಟಿಗೇ ಹೋಗಿ ಕೇಳಿ, ಅದು ನಿಮ್ಮ ಹಕ್ಕು.

ತುಣುಕು ತೆಗೆದ ಕೂಡ್ಲೆ ಕೊಳೆಯದ ಹಾಗೆ ಕಾಪಾಡೋ ಫಾರ್ಮಲಿನ್ ದ್ರವದ ಬಾಟ್ಲಿಗೆ ಹಾಕ್ತಾರೆ, ತುಣುಕಿನ ಹತ್ತು ಪಟ್ಟಾದ್ರೂ ಫಾರ್ಮಲಿನ್ ಇರ್ಬೇಕು, ಬರೀ ನೀರಲ್ಲಿ ಹಾಕಿ ತಂದ್ರೆ ಕೊಳೆತು ಹೋಗುತ್ತೆ. ಆಮೇಲೆ ಆಲ್ಕೋಹಾಲ್, ಝೈಲೀನ್, ಕರಗಿಸಿದ ಮೇಣ ಹೀಗೆ ಒಂದಾದ ಮೇಲೊಂದು, ಇದಕ್ಕೇ ಒಂದು ರಾತ್ರಿ ಬೇಕು. ತುಣುಕು ಮೇಣದ ಬ್ಲಾಕ್ ಒಳಗೆ ಸೇರಿದ ಮೇಲೆ ಮೈಕ್ರೋಟೋಮ್ ಅನ್ನೋ ತೆಳ್ಳಗೆ ಕೊಯ್ಯೋ ಯಂತ್ರದಲ್ಲಿ ಕೊಯ್ಯೋದು, 3ರಿಂದ 5 ಮೈಕ್ರಾನ್ ದಪ್ಪ ಅಷ್ಟೇ, ಅಂದ್ರೆ ತಲೆಕೂದಲಿನ ದಪ್ಪದ ಹತ್ತರಲ್ಲೊಂದು ಪಾಲೂ ಇರಲ್ಲ. ನಮ್ಮ ಕರಾವಳಿಯ ಏಪ್ರಿಲ್ ಸೆಕೆಗೆ ಮೇಣ ಮೆತ್ತಗಾಗಿ ಸುಕ್ಕಾಗುತ್ತೆ, ಅದಕ್ಕೆ ಟೆಕ್ನಿಷಿಯನ್ನರು ಬ್ಲಾಕನ್ನ ಐಸ್ ಮೇಲಿಟ್ಟು ತಣ್ಣಗೆ ಮಾಡ್ಕೊಂಡೇ ಕೊಯ್ತಾರೆ. ರಿಬ್ಬನ್ ಥರ ಹೊರಗೆ ಬರೋದನ್ನ ಬ್ರಷ್ ತುದೀಲಿ ಎತ್ತಿ ಬೆಚ್ಚಗಿನ ನೀರಲ್ಲಿ ತೇಲಿಬಿಟ್ರೆ ಸುಕ್ಕೆಲ್ಲ ಬಿಚ್ಕೊಳ್ಳುತ್ತೆ, ಆಗ ಗಾಜಿನ ಪಟ್ಟಿಯ (ಸ್ಲೈಡ್) ಮೇಲೆ ಹಿಡಿಯೋದು, ನನಗೆ ಇವತ್ತಿಗೂ ಅದನ್ನ ನೋಡ್ತಾ ನಿಲ್ಲೋಕೆ ಇಷ್ಟ. ಬಣ್ಣ ಹಾಕಿದ್ರೆ ಜೀವಕೋಶದ ನ್ಯೂಕ್ಲಿಯಸ್ ನೀಲಿ, ಉಳಿದಿದ್ದು ಗುಲಾಬಿ. ಇಷ್ಟಕ್ಕೆ ಮೂರ್ನಾಲ್ಕು ದಿನ ಸಾಕು, ಅನುಮಾನ ಬಂದು ಇನ್ನಷ್ಟು ಆಳಕ್ಕೆ ಕೊಯ್ಬೇಕಾದ್ರೆ, ಬೇರೆ ಬಣ್ಣ (ಸ್ಟೇನ್) ಹಾಕ್ಬೇಕಾದ್ರೆ ಜಾಸ್ತಿ ದಿನ ಹಿಡಿಯುತ್ತೆ.

ಹುಡುಗ್ರ ವಿಷಯ. ಎಂಡಿ ಓದೋರು ಸ್ಲೈಡ್ ಮೊದಲು ನೋಡಿ ಬರೀತಾರೆ ನಿಜ, ಆದ್ರೆ ಸೀನಿಯರ್ ಪೂರ್ತಿ ನೋಡಿ ಸಹಿ ಹಾಕದೆ ರಿಪೋರ್ಟ್ ಹೊರಗೆ ಹೋಗಲ್ಲ. ಒಂದೇ ಸ್ಲೈಡನ್ನ ನಾಲ್ಕೈದು ಜನ ಒಟ್ಟಿಗೆ ನೋಡೋ ಮೈಕ್ರೋಸ್ಕೋಪ್ ಇರುತ್ತೆ, ಅಲ್ಲಿ ಕೂತು ವಾದ ಮಾಡಿದಾಗ ಎಷ್ಟೋ ಸಲ ನಾನು ಗಮನಿಸದ ಮೂಲೆಯನ್ನ ಹುಡುಗಿಯೊಬ್ಬಳು ತೋರಿಸಿದ್ದಿದೆ. ಇದರಿಂದ ರೋಗಿಗೆ ಲಾಭವೇ.

ನಿಮ್ಮ ಅಪ್ಪಯ್ಯನ ಲಕ್ಷಣ ಓದಿದ್ರೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು ಅನ್ಸುತ್ತೆ, ಸ್ಲೈಡ್ ನೋಡದೆ ಹೇಳೋದು ಮಾತ್ರ ತಪ್ಪು. ಅಡಿಕೇಲಿರೋ ಅರೆಕೋಲಿನ್ ಅನ್ನೋ ರಾಸಾಯನಿಕ ಕೆನ್ನೆ ಒಳಪದರದ ಕೆಳಗೆ ಕೊಲಾಜನ್ ನಾರು ಬೆಳೆಸುತ್ತೆ, ಮೆತ್ತಗಿರೋ ಜಾಗ ಹಗ್ಗದ ಹಾಗೆ ಬಿಗಿಯಾಗುತ್ತೆ, ಅದಕ್ಕೇ ಬಾಯಿ ತೆರೆಯೋಕಾಗಲ್ಲ. ತಂಬಾಕು ಹಾಕಲ್ಲ, ಬರೀ ಅಡಿಕೆ ಅಂತ ನಮ್ಮ ಕಡೆ ತುಂಬಾ ಜನ ಸಮಾಧಾನ ಮಾಡ್ಕೋತಾರೆ, ಆದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಅಂತ ಸೇರಿಸಿದೆ. ಅಡಿಕೆ ಮಾರಿ ಮಕ್ಕಳನ್ನ ಓದಿಸಿದ ಊರಿಗೆ ಇದನ್ನ ಹೇಳೋಕೆ ನನಗೂ ಕಷ್ಟ, ಹೇಳದೆ ಇರೋಕಾಗಲ್ಲ.

ರಿಸರ್ಚ್ ಅಂದ್ರೆ ಏನು ಮಾಡ್ತಾರೆ ಅಂದ್ರೆ, ಹಳೇ ಬ್ಲಾಕುಗಳನ್ನ ಕಪಾಟಿಂದ ತೆಗೆದು ಮತ್ತೆ ಕೊಯ್ದು, ಇವರಲ್ಲಿ ಆಮೇಲೆ ಯಾರಿಗೆ ಕ್ಯಾನ್ಸರ್ ಆಯ್ತು, ಯಾರಿಗೆ ಆಗ್ಲಿಲ್ಲ, ಮೊದಲೇ ಸ್ಲೈಡಲ್ಲಿ ಏನಾದ್ರೂ ಗುರುತು ಇತ್ತಾ ಅಂತ ಹುಡುಕ್ತಾರೆ. 1957ರಲ್ಲಿ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತಾಗ್ಲೂ ಸತ್ತ ಮಂಗಗಳ ಮಾದರಿ ತಗೊಂಡು ಪರೀಕ್ಷೆ ಮಾಡಿದ್ದಕ್ಕೇ ಮಂಗನ ಕಾಯಿಲೆಯ ವೈರಸ್ ಸಿಕ್ಕಿದ್ದು, ಸಿದ್ದಾಪುರದ ಕಡೆಯವರಿಗೆ ಆ ಕಾಯಿಲೆ ಏನು ಅಂತ ನಾನು ಹೇಳ್ಬೇಕಾಗಿಲ್ಲ.

ಹಾಗಾಗಿ ಸಹಿ ಹಾಕಿ ಅಂತ್ಲೇ ನನ್ನ ಸಲಹೆ, ಆದ್ರೆ ಫಾರ್ಮ್ ಕನ್ನಡದಲ್ಲಿ ಓದಿ ಹೇಳಿಸ್ಕೊಂಡು ಅಪ್ಪಯ್ಯನೇ ಹಾಕ್ಲಿ. ಅಧ್ಯಯನಕ್ಕೆ ಎಥಿಕ್ಸ್ ಕಮಿಟಿ (ರೋಗಿಗಳ ಹಿತ ನೋಡೋ ಸಮಿತಿ) ಒಪ್ಪಿಗೆ ಇದೆಯಾ, ಹೆಸರು ತೆಗೆದು ಬರೀ ನಂಬರ್ ಇಡ್ತಾರಾ ಕೇಳಿ. ಬೇಡ ಅಂದ್ರೂ ಚಿಕಿತ್ಸೆಗೆ ಏನೂ ತೊಂದ್ರೆ ಮಾಡೋ ಹಾಗಿಲ್ಲ. ಮುಂದೆ ಹುಬ್ಬಳ್ಳಿಗೋ ಬೆಂಗಳೂರಿಗೋ ತೋರಿಸೋದಾದ್ರೆ ಬ್ಲಾಕ್, ಸ್ಲೈಡ್ ಬರೆದುಕೊಟ್ಟು ಈಸ್ಕೊಂಡು ಹೋಗ್ಬಹುದು, ಅದಕ್ಕೆ ರಿಪೋರ್ಟಿನ ಮೇಲಿರೋ ನಂಬರ್ ಜೋಪಾನ. ಅಲ್ಲೀವರೆಗೆ ಕವಳದ ಬಟ್ಟಲನ್ನ ಅಪ್ಪಯ್ಯನ ಕೈಗೆ ಸಿಗದ ಕಡೆ ಇಡೋಕೆ ಆಯಿಗೆ ಹೇಳಿ, ರಿಪೋರ್ಟ್ ಬಂದ ಕೂಡ್ಲೆ ನನಗೆ ಬರೀರಿ.