‘ಅನುವಾದ’ ತಿಂದ 26 ದಿನ

ಕಾಸರಗೋಡಿಗೆ ವರ್ಗವಾಗಿದೆ, ಮಲಯಾಳದಲ್ಲಿ ಸಂಸ್ಕೃತ ಪದಗಳೇ ಹೆಚ್ಚಾದ್ದರಿಂದ ಕನ್ನಡದವರಿಗೆ ಸುಲಭವಂತೆ, ಆ್ಯಪ್ ಸಾಕೋ ಕ್ಲಾಸಿಗೆ ಸೇರಬೇಕೋ ಅಂತ ಕೇಳಿದ್ದೀರಿ. ಆ ‘ಸುಲಭ’ವನ್ನು ನಂಬಿಯೇ ನಾನು 26 ದಿನ ಅಂಗಡಿ ಬಾಗಿಲು ಹಾಕಿ ಕೂತಿದ್ದು.

ನಾನು ಹಾಸನದ ಕಡೆಯವನು. ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಬೇಕರಿ ಇಡೋಕೆ ಬಂದೆ. ಓವನ್ ಇಳಿಸಿ ಆಗಿತ್ತು, ಗಾಜಿನ ಕಪಾಟು ಬಂದಾಗಿತ್ತು, ಲೈಸೆನ್ಸ್ ಒಂದು ಬಾಕಿ. ಕಚೇರಿಯಲ್ಲಿ ಗುಮಾಸ್ತರು ‘ಅಪೇಕ್ಷ ಎವಿಡೆ?’ ಅಂದರು. ಬೇಕರಿ ಇಡಬೇಕು ಅನ್ನೋದು ನನ್ನ ಅಪೇಕ್ಷೆ ಅಂತ ಶುರುಮಾಡಿದೆ. ಪಕ್ಕದಲ್ಲಿದ್ದವರು ನನ್ನ ಕೈಯಲ್ಲಿದ್ದ ಅರ್ಜಿಯನ್ನು ಎಳೆದು ಮೇಜಿನ ಮೇಲಿಟ್ಟರು. ಅಪೇಕ್ಷ ಅಂದರೆ ಅರ್ಜಿ, ಎವಿಡೆ ಅಂದರೆ ಎಲ್ಲಿ. ಅಲ್ಲೇ ಬುದ್ಧಿ ಬರಬೇಕಿತ್ತು.

ಗುಮಾಸ್ತರು ಕಾಗದ ತಿರುವಿ ಹಾಕಿ ಹೇಳಿದ್ದು: ‘ಉಡಮಸ್ಥಂಡೆ ಅನುವಾದಂ ವಾಂಙಿಯಿಟ್ಟು ವರೂ.’ ಉಡಮಸ್ಥ ಅಂದರೆ ಮಾಲೀಕ, ವಾಂಙು ಅಂದರೆ ಕೊಂಡ್ಕೊ, ಇಷ್ಟು ಗೊತ್ತಿತ್ತು. ಅನುವಾದ? ಕನ್ನಡ ಶಾಲೆ ಕಲಿತವನು ಅದನ್ನೂ ಕೇಳಬೇಕಾ! ಮಾಲೀಕರು ಬರೆದುಕೊಟ್ಟ ಬಾಡಿಗೆ ಕರಾರು ಕನ್ನಡದಲ್ಲಿತ್ತು. ಅದನ್ನು ಮಲಯಾಳಕ್ಕೆ ಮಾಡಿಸಿ ತಾ ಅನ್ನುತ್ತಿದ್ದಾರೆ ಅಂದುಕೊಂಡೆ. ‘ಮನಸ್ಸಿಲಾಯಿ’ ಅಂತ ಬೀಗುತ್ತಾ ಹೊರಬಂದೆ. (ಅರ್ಥ ಆಯ್ತು ಅಂತ. ನಮ್ಮಮ್ಮನಿಗೆ ಇವತ್ತಿಗೂ ಅದು ‘ಮನಸ್ಸಿಲ್ಲ’ ಅಂತಲೇ ಕೇಳಿಸುತ್ತೆ.)

ಬಸ್ಸು ಹತ್ತಿ ಪೇಟೆಗೆ ಹೋಗಿ ಒಬ್ಬರನ್ನು ಹಿಡಿದೆ. ನಾಲ್ಕು ಪುಟಕ್ಕೆ ಒಂಬತ್ತು ದಿನ, 1,600 ರೂಪಾಯಿ. ತಗೊಂಡು ಹೋದರೆ ಗುಮಾಸ್ತರು ಅದನ್ನು ಹಿಂದೆ ಮುಂದೆ ನೋಡಿ, ಮತ್ತೆ ‘ಅನುವಾದಂ’ ಅಂದರು. ನಾನೇನು ತಿಳಿದೆ ಗೊತ್ತಾ? ಅನುವಾದ ಚೆನ್ನಾಗಿಲ್ಲ ಅಂತ! ಇನ್ನೊಬ್ಬರ ಹತ್ರ ಎರಡನೇ ಸಲ ಮಾಡಿಸಿದೆ. ಮೂರನೇ ಸಲ ಹೋದಾಗ ಪ್ಯೂನ್ ತಡೆಯಲಾರದೆ, ‘ಎಂತ ಮಾರಾಯ್ರೆ, ಓನರ್ ಒಪ್ಪಿಗೆ ಕೊಡುದಿಲ್ವಾ?’ ಅಂದ.

ಮಲಯಾಳದಲ್ಲಿ ಅನುವಾದ ಅಂದರೆ ಅನುಮತಿ. ನಮ್ಮ ಅನುವಾದಕ್ಕೆ ಅವರು ವಿವರ್ತನ ಅಂತಾರೆ. ಮಾಲೀಕರು ನನ್ನ ಅಂಗಡಿ ಮೇಲಿನ ಮಹಡಿಯಲ್ಲೇ ಇದ್ದರು. ಮೆಟ್ಟಿಲು ಹತ್ತಿ ಒಂದು ಸಹಿ ಹಾಕಿಸಿಕೊಂಡಿದ್ದರೆ ಮುಗೀತಿತ್ತು. ಓಣಂ ವ್ಯಾಪಾರ ಆ 26 ದಿನದೊಳಗೇ ಬಂದು ಹೋಯಿತು.

ಗೊತ್ತಿಲ್ಲದ ಪದವಾಗಿದ್ದರೆ ‘ಹಾಗಂದ್ರೆ?’ ಅಂತ ಬಾಯಿ ಬಿಡುತ್ತಿದ್ದೆ. ಗೊತ್ತಿದೆ ಅಂದುಕೊಂಡಿದ್ದಕ್ಕೇ ಮೂರು ಸಲವೂ ಬಿಡಲಿಲ್ಲ. ಕನ್ನಡದಲ್ಲೇ ಕೇಳಬಹುದಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ಇಲ್ಲಿನ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಬಹುದು ಅಂತ ಕೇರಳದ 1969ರ ಭಾಷಾ ಕಾಯ್ದೆಯಲ್ಲೇ ಇದೆ. ನನಗೆ ಮಲಯಾಳ ಬರುತ್ತೆ ಅಂತ ತೋರಿಸಿಕೊಳ್ಳುವ ಚಟ.

ಹಾಗಾಗಿ ಆ್ಯಪ್, ಕ್ಲಾಸ್ ಎರಡನ್ನೂ ಸದ್ಯಕ್ಕೆ ಬಿಡಿ. ಸಂಸ್ಕೃತ ಪದ ಕಿವಿಗೆ ಬಿತ್ತೋ, ಅನುಮಾನಪಡಿ. ‘ಸಂಸಾರಿಕ್ಕಣಂ’ ಅಂದರೆ ನಿಮ್ಮ ಹೆಂಡತಿ ಮಕ್ಕಳ ಸುದ್ದಿಯಲ್ಲ, ಮಾತಾಡಬೇಕು ಅಂತ. ಅವಸರ ಅಂದರೆ ಅವಕಾಶ, ಗಡಿಬಿಡಿಯಲ್ಲ. ಪ್ರಸಂಗ ಅಂದರೆ ಭಾಷಣ. ಯಕ್ಷಗಾನದ ಆಟ ನೋಡೋಕೆ ಅಂತ ಹೋಗಿ ರಾಜಕೀಯ ಕೇಳಿಕೊಂಡು ಬರಬೇಡಿ. ನಂಬಬೇಕಾದ್ದು ಹಳೇ ಮನೆಮಾತಿನ ಪದಗಳನ್ನು. ಅವರ ‘ವ’ ನಮ್ಮ ‘ಬ’: ವೇರು ಬೇರು, ವಾಯ ಬಾಯಿ, ವೇಂಡ ಬೇಡ. ಅವರ ‘ಪ’ ನಮ್ಮ ‘ಹ’: ಪಾಲ್ ಹಾಲು, ಪುಲಿ ಹುಲಿ, ಪಲ್ಲ್ ಹಲ್ಲು. ಇಷ್ಟು ಹಿಡಿದುಕೊಂಡೇ ನಾನು ಒಂದು ವರ್ಷ ಬನ್ನು ಮಾರಿದ್ದೀನಿ. ಅಲ್ಲೂ ಒಂದು ಗುಂಡಿ ಉಂಟು: ಮೈದಾ ಇಳಿಸಲು ಬಂದ ಹುಡುಗನಿಗೆ ‘ಪಟ್ಟಿ ಎವಿಡೆ?’ ಅಂದೆ, ಸಾಮಾನಿನ ಪಟ್ಟಿ ಕೇಳಿದ್ದು. ಅವನು ಬಗ್ಗಿ ವ್ಯಾನಿನ ಅಡಿ ನೋಡಿದ. ಪಟ್ಟಿ ಅಂದರೆ ನಾಯಿ.

ಮೊನ್ನೆ ಕ್ರೀಮ್ ಬನ್ ತಗೊಳ್ಳೋಕೆ ಬಂದ ಕನ್ನಡ ಶಾಲೆಯ ಹುಡುಗಿ, ‘ಅಂಕಲ್, ನಾಳೆ ನಮ್ದು ಯಕ್ಷಗಾನ ಮತ್ಸರ’ ಅಂದಳು. ಸ್ಪರ್ಧೆ ಅಂತ ಗೊತ್ತಿದ್ದೂ, ‘ಯಾರ ಮೇಲೆ?’ ಅಂದೆ. ಪಕ್ಕದ ಶಾಲೆಯ ಹೆಸರು ಹೇಳಿ, ಚಿಲ್ಲರೆ ಎಣಿಸಿಕೊಂಡು ಓಡಿದಳು.