ತಾತ ಮೇಕೆಯಾದ ಪ್ರಸಂಗ

ಪ್ರಶ್ನೆ: ಮೊಮ್ಮಗನ ಸೈಕಲ್ ಚೈನ್ ಕಳಚಿತ್ತು. ಎರಡೇ ನಿಮಿಷದಲ್ಲಿ ಕೂರಿಸಿಕೊಟ್ಟೆ. ‘ತಾತಾ, ನೀನು ಗೋಟ್!’ ಅಂದ. ಗ್ರೀಸ್ ಕೈಯಲ್ಲೇ ಕಿವಿ ಹಿಂಡಿದೆ. ಮನೆಯವರೆಲ್ಲ ನನ್ನನ್ನೇ ನೋಡಿ ನಗುತ್ತಿದ್ದಾರೆ. ಮೇಕೆ ಅನ್ನಿಸಿಕೊಳ್ಳೋದರಲ್ಲಿ ಏನು ದೊಡ್ಡಸ್ತಿಕೆ ಸ್ವಾಮಿ?

ಉತ್ತರ: ಮೊದಲು ಆ ಕಿವಿ ಒರೆಸಿ. ಹುಡುಗ ನಿಮ್ಮನ್ನು ಅಟ್ಟಕ್ಕೇರಿಸಿದ್ದ. ‘ಗ್ರೇಟೆಸ್ಟ್ ಆಫ್ ಆಲ್ ಟೈಮ್’ ಎಂಬುದರ ಮೊದಲಕ್ಷರಗಳನ್ನು ಕೂಡಿಸಿದರೆ ಗೋಟ್. ಯಾವ ಕಾಲಕ್ಕೂ ನೀನೇ ಮೇಲು ಅಂತ. ‘ನಾನೇ ಗ್ರೇಟೆಸ್ಟ್’ ಎನ್ನುತ್ತಿದ್ದ ಬಾಕ್ಸರ್ ಮಹಮ್ಮದ್ ಅಲಿಯ ವ್ಯವಹಾರಕ್ಕಾಗಿ ಅವರ ಹೆಂಡತಿ 1992ರಲ್ಲಿ ತೆರೆದ ಕಂಪನಿಯ ಹೆಸರಲ್ಲೂ ಇದೇ ನಾಲ್ಕಕ್ಷರ. ಈಗ ಸೈಕಲ್ ಚೈನ್‌ವರೆಗೂ ಇಳಿದಿದೆ. ನಿಮ್ಮ ತಪ್ಪೂ ದೊಡ್ಡದಲ್ಲ ಬಿಡಿ. ನಮ್ಮ ಹರಟೆಯಲ್ಲಿ ‘ಬಕ್ರಾ’ ಆದವನು ಟೋಪಿ ಹಾಕಿಸಿಕೊಂಡವನು. ಪ್ರಾಣಿ ಅದೇ, ಮರ್ಯಾದೆ ಬೇರೆ.

ನಾನೂ ಎಡವಿದವನೇ. ಒಂದು ಭಾಷಣ ಮುಗಿಸಿ ಕೆಳಗಿಳಿದಾಗ ತಂಗಿಯ ಮಗಳು ‘ಚಿಂದಿ ಮಾಮಾ!’ ಅಂದಳು. ಚಿಂದಿ ಅಂದರೆ ಅವಳಿಗೆ ಅದ್ಭುತ, ನನಗೆ ಹರಕು ಬಟ್ಟೆ. ಎರಡು ದಿನ ಮುಖ ಊದಿಸಿಕೊಂಡಿದ್ದೆ. ಆದರೆ ‘ಸಕತ್ ಆಗಿತ್ತು’ ಅಂದಿದ್ದರೆ ಖುಷಿಪಡುತ್ತಿದ್ದೆ. ಆ ‘ಸಕತ್’ ಕೂಡ ಪಾರಸಿಯಲ್ಲಿ ‘ಗಟ್ಟಿ, ಕಠಿಣ’ ಎಂಬರ್ಥದಲ್ಲಿದ್ದದ್ದೇ.

ಪ್ರಶ್ನೆ: ಗೆಳತಿಗೆ ಕಳಿಸಬೇಕಿದ್ದ ‘ಆಯ್ತು ಗುರು’ ಮೆಸೇಜ್ ಮ್ಯಾನೇಜರ್‌ಗೆ ಹೋಯಿತು. ಗುರು ಗೌರವದ ಪದವೇ ಅಲ್ಲವೇ? ಅವರೇಕೆ ಸಿಡುಕಿದರು?

ಉತ್ತರ: ಪದ ಗೌರವದ್ದೇ, ಅದರ ಬಾಲ ನೋಡಿ. ‘ಏನ್ ಗುರು’ ಅಂದರೆ ಹೆಗಲ ಮೇಲೆ ಕೈ. ‘ಏನ್ ಗುರುವೇ’ ಅಂದರೆ ಕಾಲೆಳೆಯೋದು. ‘ಗುರುಗಳೇ’ ಅಂದರೆ ನಮಸ್ಕಾರ, ಅದೂ ಹೇಳುವಾಗ ತುಟಿ ಓರೆಯಾಗದಿದ್ದರೆ. ಮೆಸೇಜಿನಲ್ಲಿ ತುಟಿ ಕಾಣಿಸದು, ಅದೇ ಫಜೀತಿ. ‘ಮಗಾ’, ‘ಮಚ್ಚಾ’ ಕೂಡ ಹೀಗೇ. ಒಬ್ಬನೇ ಗೆಳೆಯ ಬೆಳಿಗ್ಗೆ ಮಗ. ಮಚ್ಚಾ ತಮಿಳಿನ ಮಚ್ಚಾನ್, ಆದ್ದರಿಂದ ಸಂಜೆಗೆ ಭಾವಮೈದುನ! ಹುಡುಗಿಯರೂ ಪರಸ್ಪರ ಮಗಾ ಅನ್ನುತ್ತಾರೆ, ಯಾರೂ ಲಿಂಗ ಕೇಳುವುದಿಲ್ಲ. ಮ್ಯಾನೇಜರ್‌ಗೆ ‘ತಪ್ಪಿ ಬಂತು ಸರ್’ ಎಂದು ಒಂದೇ ಸಾಲು ಬರೆಯಿರಿ, ವಿವರಿಸಲು ಹೋಗಬೇಡಿ.

ಪ್ರಶ್ನೆ: ಮಕ್ಕಳ ಜೊತೆ ನಾವೂ ಈ ಪದ ಬಳಸಬಹುದೇ?

ಉತ್ತರ: ಅರ್ಥ ಮಾಡಿಕೊಳ್ಳಿ, ಬಾಯಿ ಬಿಡಬೇಡಿ. ‘ರಿಜ್’ ಅಂತ ಒಂದಿದೆ, ‘ಕರಿಸ್ಮಾ’ದ ನಡು ಕತ್ತರಿಸಿದ್ದು. ಎದುರಿನವರ ಮನಸ್ಸು ಗೆಲ್ಲುವ ಮೋಡಿ ಅಂತ ಅರ್ಥ. 2023ರಲ್ಲಿ ಆಕ್ಸ್‌ಫರ್ಡ್‌ನವರು ಅದನ್ನೇ ವರ್ಷದ ಪದವೆಂದು ಆರಿಸಿದರು. ಓದಿದ ದಿನವೇ ಮಗಳಿಗೆ, ‘ನಿಮ್ಮಮ್ಮ ನನ್ನ ರಿಜ್‌ಗೆ ಬಿದ್ದವಳು ಕಣೇ’ ಅಂದೆ. ‘ಅಪ್ಪಾ, ಪ್ಲೀಸ್’ ಅಂದು ರೂಮಿನ ಬಾಗಿಲು ಹಾಕಿಕೊಂಡಳು. ಅಡುಗೆಮನೆಯಿಂದ ‘ಯಾವುದಕ್ಕೆ ಬಿದ್ದೆ?’ ಅಂತ ಕೇಳಿತು.